ಬಿರುಕು ನಿಲ್ಲುವ ಜಾಗ

ಅವಲಕ್ಕಿ ತಟ್ಟೆಯ ಪಕ್ಕ ಲ್ಯಾಪ್‌ಟಾಪು ಇಟ್ಟುಕೊಂಡು, ನಿನ್ನೆ ಸಂಜೆ ಕಳಿಸಿದ್ದ ಪತ್ರವನ್ನು ಸುಮ್ಮನೆ ಇನ್ನೊಮ್ಮೆ ಓದುತ್ತಿದ್ದ ನಿಜಗುಣ ಮೂರನೆಯ ಪ್ಯಾರಾದ ಕೊನೆಗೆ ಬಂದವನೇ ಚಮಚೆ ಕೆಳಗಿಟ್ಟ. 'ಸರಿಯಾದ ಮಾರ್ಗದರ್ಶನ ಸಿಕ್ಕರೆ, ಒಪ್ಪಿಸಿದ ಕೆಲಸವನ್ನು ಅಚ್ಚುಕಟ್ಟಾಗಿ ಮುಗಿಸುವ ಸಾಮರ್ಥ್ಯ ಇವರಿಗಿದೆ.' ಇಂಗ್ಲಿಷಿನಲ್ಲಿದ್ದ ಆ ವಾಕ್ಯ ಹೊರಗಿನವರಿಗೆ ಹೊಗಳಿಕೆಯಂತೆಯೇ ಕೇಳುತ್ತದೆ. ಶಿಫಾರಸು ಪತ್ರಗಳನ್ನು ಓದಿ, ಬರೆದು ತಲೆ ನರೆಸಿಕೊಂಡವರಿಗೆ ಮಾತ್ರ ಅದರ ಒಳಗುಟ್ಟು ಗೊತ್ತು: ಈ ಮನುಷ್ಯನ ತಲೆಯಲ್ಲಿ ಸ್ವಂತದ್ದೇನೂ ಹುಟ್ಟುವುದಿಲ್ಲ, ಹೇಳಿದ್ದನ್ನು ಮಾಡಿಕೊಂಡಿರುತ್ತಾನೆ, ಅಷ್ಟೆ. ಹದಿನಾಲ್ಕು ವರ್ಷದ ಹಿಂದೆ ತನ್ನ ವಿದ್ಯಾರ್ಥಿನಿ ತನುಶ್ರೀಯ ಬಗ್ಗೆ ಅವನೇ ಬರೆದ ವಾಕ್ಯ ಅದು. ಈಗ ಅವನದೇ ಹೆಸರಿನ ಕೆಳಗೆ ಬಂದು ಕೂತಿತ್ತು. ಆ ಪತ್ರಕ್ಕೆ ಸಹಿ ಹಾಕಬೇಕಾದವಳು ತನುಶ್ರೀ.

ಇದು ಹೀಗಾದದ್ದಕ್ಕೆ ಅವನು ಯಾರನ್ನೂ ಬೈಯುವಂತಿರಲಿಲ್ಲ, ಅದೇ ದೊಡ್ಡ ಸಂಕಟ. ಯುರೋಪಿನಲ್ಲಿ ಹೆಸರು ಮಾಡಿದ ಹಿರಿಯ ವಿಜ್ಞಾನಿಗಳಿಗೆಂದೇ ಒಂದು ದೊಡ್ಡ ಅನುದಾನವಿದೆ. ಹೊರದೇಶದವರೂ ಅರ್ಜಿ ಹಾಕಬಹುದು. ಆದರೆ ಅಲ್ಲಿಯ ಒಂದು ವಿಶ್ವವಿದ್ಯಾಲಯ 'ಇವರಿಗೆ ನಾವು ಜಾಗ ಕೊಡುತ್ತೇವೆ' ಎಂದು ಬರೆದು ಕೊಡಬೇಕು, ವರ್ಷದಲ್ಲಿ ಅರ್ಧ ಕಾಲ ಅಲ್ಲೇ ಇದ್ದು ಕೆಲಸ ಮಾಡಬೇಕು. ಅರವತ್ತೆರಡರ ನಿಜಗುಣನಿಗೆ ಜಾಗ ಕೊಡಲು ಒಪ್ಪಿದ್ದು ಒಂದೇ ವಿಭಾಗ, ಅದರ ಮುಖ್ಯಸ್ಥೆ ತನುಶ್ರೀ. 'ನೀವೇ ಒಂದು ಡ್ರಾಫ್ಟ್ ಮಾಡಿ ಕಳಿಸಿ ಸರ್, ನಾನು ಸೈನ್ ಹಾಕ್ತೇನೆ' ಅಂದಿದ್ದಳು. ಅದೇನು ಹೊಸದಲ್ಲ; ಪತ್ರ ಬೇಕಾದವನೇ ಪತ್ರ ಬರೆದುಕೊಂಡು ಬರುವುದು, ದೊಡ್ಡವರು ಒಂದೆರಡು ಪದ ಆಚೀಚೆ ಮಾಡಿ ಸಹಿ ಹಾಕುವುದು ಈ ಕಸುಬಿನಲ್ಲಿ ಎಲ್ಲರೂ ಮಾಡುವುದೇ. ಅವನೂ ತನ್ನ ವಿದ್ಯಾರ್ಥಿಗಳಿಂದ ಹಾಗೆಯೇ ಬರೆಸಿಕೊಳ್ಳುತ್ತಿದ್ದ. ಅವನ ಇನ್ನೊಂದು ಚಾಳಿಯೆಂದರೆ ಪತ್ರವನ್ನು ಖಾಲಿ ಹಾಳೆಯಿಂದ ಶುರು ಮಾಡದಿರುವುದು. ಹಳೆಯದೊಂದನ್ನು ತೆಗೆದು, ಹೆಸರು ಬದಲಿಸಿ, ಅದರ ಮೇಲೆಯೇ ಹೊಸದನ್ನು ಬರೆಯುತ್ತಿದ್ದ. ಆ ವಿಭಾಗಕ್ಕೆ ಹಿಂದೊಮ್ಮೆ ಪತ್ರ ಬರೆದದ್ದು ನೆನಪಿತ್ತು, ವಿಳಾಸ ಮತ್ತೆ ಟೈಪು ಮಾಡುವುದು ತಪ್ಪುತ್ತದೆಂದು ಅದನ್ನೇ ತೆಗೆದ. ತನುಶ್ರೀಯ ಹೆಸರಿದ್ದಲ್ಲೆಲ್ಲ ತನ್ನ ಹೆಸರು, 'ಅವಳು' ಇದ್ದಲ್ಲೆಲ್ಲ 'ಅವನು' ಬರುವಂತೆ ಒಂದೇ ಏಟಿಗೆ ಬದಲಿಸಿದ. ಒಂದೊಂದೇ ವಾಕ್ಯ ಅಳಿಸಿ ತನ್ನ ಹೊಗಳಿಕೆಯನ್ನು ತುಂಬುತ್ತ ಮೂರನೆಯ ಪ್ಯಾರಾದ ಕೊನೆಗೆ ಬಂದಾಗ ಮೇಲಿನಿಂದ ಹೆಂಡತಿ ಸುಶೀಲಾ ಕೂಗಿದಳು: 'ಏನ್ರೀ, ಹಸರ ಡಬ್ಬಿ ಹೊರಗ ಇಟ್ಟ್ ಬರ್ರಿ, ನಾಳೆ ಮುಂಜಾನೆ ಗಾಡಿ ಬರ್ತದ.' ಎದ್ದು ಹೋಗಿ ಕಸದ ಡಬ್ಬಿಯನ್ನು ರಸ್ತೆಯಂಚಿಗೆ ಇಟ್ಟು, ಕೈ ತೊಳೆದುಕೊಂಡು ಬೇಸ್‌ಮೆಂಟಿಗೆ ಇಳಿದವನು ನಾಲ್ಕನೆಯ ಪ್ಯಾರಾದಿಂದ ಮುಂದುವರಿಸಿದ. ಆಮೇಲೆ ಕಳಿಸಿಯೂಬಿಟ್ಟ.

'ಮಾರಿ ಯಾಕ ಹಂಗ ಮಾಡಿರಿ?' ಸುಶೀಲಾ ಒಲೆಯ ಕಡೆಯಿಂದಲೇ ಕೇಳಿದಳು. 'ಒಗ್ಗರಣಿ ಹೊತ್ತೇತೇನು?'

'ಇಲ್ಲ.'

'ಮತ್ತ?'

'ಪತ್ರದಾಗ ಒಂದು ತಪ್ಪಾಗೇದ.'

'ಅಷ್ಟ ಹೌದಿಲ್ಲೋ? ಆ ಹುಡುಗಿಗೆ ಫೋನ್ ಹಚ್ಚಿ ಹೇಳ್ರಿ, ತಿದ್ದತಾಳ. ನಿಮ್ಮ ಯುರೋಪ ಎಲ್ಲೂ ಓಡಿ ಹೋಗಂಗಿಲ್ಲ.'

ಆ ಹುಡುಗಿಗೆ ಈಗ ನಲವತ್ತಮೂರು. ಅವಳ ವಿಭಾಗದಲ್ಲಿ ಎಪ್ಪತ್ತು ಜನ ಕೆಲಸ ಮಾಡುತ್ತಾರೆ. ಇಲ್ಲಿ ಬೆಳಗಿನ ಏಳು ಅಂದರೆ ಅಲ್ಲಿ ಮಧ್ಯಾಹ್ನದ ಒಂದು. ಅವಳು ಬೆಳಿಗ್ಗೆಯೇ ಪತ್ರ ತೆರೆದಿರಬೇಕು, ಓದಿರಬೇಕು, ಊಟವನ್ನೂ ಮುಗಿಸಿರಬೇಕು. ಉತ್ತರ ಮಾತ್ರ ಬಂದಿಲ್ಲ. ಅರ್ಜಿಯ ಬಾಗಿಲು ಬಂದಾಗುವುದು ಅಲ್ಲಿಯ ಸಂಜೆ ಐದಕ್ಕೆ, ಇಲ್ಲಿಯ ಹನ್ನೊಂದಕ್ಕೆ. ಮನೆಯಲ್ಲಿ ಕೂತರೆ ತಾನು ಏನಾದರೂ ಒಡೆಯುವುದು ಖಂಡಿತ ಅನ್ನಿಸಿ ನಿಜಗುಣ ಕಾರಿನ ಕೀಲಿ ತೆಗೆದುಕೊಂಡ. ಸುಶೀಲಾ ಬಾಗಿಲವರೆಗೆ ಬಂದಳು. 'ಒಂದು ಮಾತು ಹೇಳ್ತೀನಿ, ಸಿಟ್ಟ ಆಗಬ್ಯಾಡ್ರಿ. ಅದು ಸಿಗಲಿಲ್ಲಂದ್ರ ನನಗೇನೂ ಬ್ಯಾಸರಿಲ್ಲ. ಆರ್ ತಿಂಗಳು ಅಲ್ಲಿ, ಆರ್ ತಿಂಗಳು ಇಲ್ಲಿ ಅಂತ ಈ ಮೊಣಕಾಲ ಹೊತಗೊಂಡು ನಾ ಎಲ್ಲಿ ಅಡ್ಯಾಡಲಿ?' ಅವನು ಸಿಟ್ಟಾಗಲಿಲ್ಲ. ಕಾರು ಹಿಂದಕ್ಕೆ ತೆಗೆದ. ಖಾಲಿಯಾದ ಹಸಿರು ಡಬ್ಬಿ ರಸ್ತೆಯಲ್ಲಿ ಅಡ್ಡ ಬಿದ್ದಿತ್ತು, ಇಳಿದು ಅದನ್ನು ಎತ್ತಿಟ್ಟು ಮತ್ತೆ ಹತ್ತಿದ.

ಮನೆಯಿದ್ದ ಯೂನಿಯನ್‌ವಿಲ್ ದಾಟಿ ಹೆದ್ದಾರಿ ಸೇರಿದ ಮೇಲೆ, ಪ್ರಯೋಗಾಲಯವಿದ್ದ ಒಶಾವಾದವರೆಗೆ ತಲೆ ಕೆಡಿಸಿಕೊಳ್ಳಲು ಅವನಿಗೆ ನಲವತ್ತು ನಿಮಿಷ. ಎರಡೂ ಕಡೆ ಮೆಕ್ಕೆಜೋಳ ಆಳೆತ್ತರ ನಿಂತಿತ್ತು. ಮೂವತ್ತು ವರ್ಷ ಇದೇ ದಾರಿಯ ಆಚೀಚೆ ಓಡಾಡಿದ್ದಾನೆ. ಮೊದಲು ಹಳೆಯ ರಸ್ತೆಯಲ್ಲಿ, ಆಮೇಲೆ ಇದರಲ್ಲಿ. ಮೂವತ್ತು ವರ್ಷವೂ ಮಾಡಿದ್ದು ಒಂದೇ ಕೆಲಸ. ಹಸಿ ಮಣ್ಣನ್ನು ತಟ್ಟೆಯಲ್ಲಿ ಹರವಿ, ಅದು ಒಣಗುವಾಗ ಬಿರುಕು ಹೇಗೆ ಬೀಳುತ್ತದೆ ಎಂದು ನೋಡುವುದು. ನವಲಗುಂದದ ಎರೆಮಣ್ಣಿನ ಬಿರುಕುಗಳಲ್ಲಿ ಮೊಣಕೈಯವರೆಗೆ ಕೈ ತೂರಿಸುತ್ತಿದ್ದ ಹುಡುಗ ಅದನ್ನೇ ಹೊಟ್ಟೆಪಾಡು ಮಾಡಿಕೊಂಡ ಎಂದು ಕನ್ನಡ ಸಂಘದವರು ಶಾಲು ಹೊದಿಸಿದ ದಿನ ಭಾಷಣದಲ್ಲಿ ಹೇಳಿದ್ದರು, ಜನ ಚಪ್ಪಾಳೆ ತಟ್ಟಿದ್ದರು. ಅರ್ಜಿಯಲ್ಲಿ ಶಾಲಿಗೆ ಕಾಲಂ ಇಲ್ಲ. ಅರ್ಜಿಯಲ್ಲಿ ಇರುವುದು ಬೇರೆ ಲೆಕ್ಕ: ಕಳೆದ ಹತ್ತು ವರ್ಷದಲ್ಲಿ ನೀವು ಮಾಡಿದ ಹತ್ತು ಮುಖ್ಯ ಕೆಲಸ ಯಾವುದು, ಒಂದೊಂದರಲ್ಲೂ ನಿಮ್ಮ ಪಾಲು ಏನು. ಅವನ ಹೆಸರು ಹೇಳಿದರೆ ಯಾರಿಗಾದರೂ ನೆನಪಾಗುವ ಪ್ರಬಂಧವೊಂದಿದ್ದರೆ ಅದು ಹನ್ನೆರಡು ವರ್ಷದ ಹಿಂದಿನದು. ಎರಡೇ ವರ್ಷದ ಅಂತರದಲ್ಲಿ ಅದು ಲೆಕ್ಕದಿಂದ ತಪ್ಪಿಹೋಗಿತ್ತು. ಹತ್ತು ಕೆಲಸ ಹುಡುಕುವಷ್ಟರಲ್ಲಿ ಅವನ ಬೆವರಿಳಿದಿತ್ತು. ಎಂಟನೆಯದಕ್ಕೆ ನಿಂತು, ಒಂದು ಸಮ್ಮೇಳನದ ಭಾಷಣವನ್ನೂ ಇನ್ನೊಬ್ಬರ ಪುಸ್ತಕಕ್ಕೆ ಬರೆದ ಮುನ್ನುಡಿಯನ್ನೂ ಸೇರಿಸಿ ಹತ್ತು ಮಾಡಿದ್ದ. ಹಿರಿಯ ವಿಜ್ಞಾನಿಗಳಿಗೆಂದೇ ಮಾಡಿದ ಅರ್ಜಿಯಂತೆ. ಹಿರಿತನ ಯಾವಾಗ ಬಂತು ಎಂದು ಕೇಳುವುದಿಲ್ಲ, ಇನ್ನೂ ಇದೆಯೇ ಎಂದು ಕೇಳುತ್ತದೆ.

ಕಾರಿನ ಸ್ಪೀಕರಿನಲ್ಲಿ ಮಗಳು ಅಕ್ಷರಾಳ ಫೋನು ಬಂತು. ವುಡ್‌ಬ್ರಿಡ್ಜಿನಲ್ಲಿ ಒಂದು ಗೋದಾಮಿನ ಕಂಪನಿಯಲ್ಲಿ ಕೆಲಸ ಅವಳಿಗೆ, ಈ ಹೊತ್ತಿಗೆ ಅವಳೂ ರಸ್ತೆಯಲ್ಲೇ ಇರುತ್ತಾಳೆ.

'ಅಪ್ಪಾ, ಡಿಡ್ ಯೂ ಸಬ್ಮಿಟ್?'

'ಇಲ್ಲವಾ, ಇನ್ನೊಂದು ಪತ್ರ ಬರಬೇಕು.'

'ಮಾಮ್ ಸೆಡ್ ಯೂ ಡಿಡಂಟ್ ಈಟ್. ಅಪ್ಪಾ, ಕೆನ್ ಐ ಸೇ ಸಂಥಿಂಗ್? ವೈ ಡೋಂಟ್ ಯೂ ಜಸ್ಟ್ ರಿಟೈರ್? ಲೈಕ್, ನೋಬಡಿ ವಿಲ್ ಜಡ್ಜ್ ಯೂ.'

'ಆತವಾ, ಗಾಡಿ ನಡಸಾಕತ್ತೀನಿ' ಎಂದು ಅವನು ಫೋನು ಇಟ್ಟ. ಯಾರೂ ಜಡ್ಜ್ ಮಾಡುವುದಿಲ್ಲವಂತೆ. ಹೋದ ಚಳಿಗಾಲದಲ್ಲಿ ಇಲ್ಲಿಯ ಅನುದಾನ ಮುಂದುವರಿಯಲಿಲ್ಲವೆಂಬ ಕಾಗದ ಬಂದಾಗಿನಿಂದ ಅವನ ವಿಭಾಗದ ಹೊಸ ಮುಖ್ಯಸ್ಥ, ಮೂವತ್ತೆಂಟರ ಹುಡುಗ, ಅವನೊಡನೆ ಮಾತಾಡುವಾಗೆಲ್ಲ 'ಲೆಗಸಿ' ಎಂಬ ಪದ ಬಳಸತೊಡಗಿದ್ದ. ಜನವರಿಗೆ ಪ್ರಯೋಗಾಲಯದ ಜಾಗ ಬ್ಯಾಟರಿಯ ಮೇಲೆ ಕೆಲಸ ಮಾಡುವವರಿಗೆ ಹೋಗುತ್ತದೆ; ಹೊಸ ಹಣ ಬಂದರೆ ಮಾತ್ರ ಅದರ ಬಗ್ಗೆ ಮರುಯೋಚನೆ. ಕಳೆದ ತಿಂಗಳು ಇಬ್ಬರು ಬಂದು ಟೇಪು ಹಿಡಿದು ಗೋಡೆಯಿಂದ ಗೋಡೆಗೆ ಅಳೆದುಕೊಂಡು ಹೋದರು. ಅಳೆಯುವಾಗ ಅವನು ಅಲ್ಲೇ ನಿಂತಿದ್ದ. ಒಬ್ಬ 'ಎಕ್ಸ್‌ಕ್ಯೂಸ್ ಮಿ ಸರ್' ಎಂದಾಗ ಪಕ್ಕಕ್ಕೆ ಸರಿದು ಟೇಪಿಗೆ ದಾರಿ ಬಿಟ್ಟಿದ್ದ. ತಾನು ಸರಿದ ರೀತಿ, ಆ ವಿಧೇಯತೆ, ಆಮೇಲೆ ಎಷ್ಟೋ ದಿನ ನೆನಪಾಗಿ ಅವನ ಮೈ ಉರಿಯುತ್ತಿತ್ತು.

ತನುಶ್ರೀ ಮೊದಲ ಸಲ ಅದೇ ಪ್ರಯೋಗಾಲಯಕ್ಕೆ ಬಂದಾಗ ಉಡುಪಿಯಿಂದ ತಂದಿದ್ದ ಸ್ವೆಟರಿನ ಮೇಲೆ ಇನ್ನೊಂದು ಸ್ವೆಟರು ಹಾಕಿಕೊಂಡಿದ್ದಳು. ಕನ್ನಡದವಳೆಂದು ಅವನಿಗೆ ಖುಷಿ. ಅವಳ ಕನ್ನಡ ಪುಸ್ತಕದ ಕನ್ನಡದ ಹಾಗೆ, ಇವನದು ಧಾರವಾಡದ್ದು, ಇಬ್ಬರೂ ಒಬ್ಬರನ್ನೊಬ್ಬರು ಅಣಕಿಸಿ ನಗುತ್ತಿದ್ದರು. ಫೆಬ್ರವರಿಯ ಒಂದು ಮಧ್ಯಾಹ್ನ ತಟ್ಟೆಗಳ ಮುಂದೆ ಮೊಣಕಾಲೂರಿ ಕೂತವಳು ಅರ್ಧ ಗಂಟೆ ಏಳಲಿಲ್ಲ. 'ಎಂತ ಮಾಡ್ತಿದ್ದೀಯಾ ಅಲ್ಲಿ?' ಎಂದು ಅವಳ ಧಾಟಿಯಲ್ಲೇ ಕೇಳಿದ್ದ. ಅವಳು ನಗದೆ ಹೇಳಿದಳು: 'ಸರ್, ನಾವೆಲ್ಲ ಬಿರುಕು ಎಲ್ಲಿ ಹುಟ್ತದೆ ಅಂತ ನೋಡ್ತೇವೆ. ಇದು ಇಲ್ಲಿ ಬಂದು ನಿಂತಿದೆ ನೋಡಿ. ಮಣ್ಣು ಇನ್ನೂ ಒಣಗ್ತಾ ಇದೆ, ಮುಂದೆ ಹೋಗಬಹುದಿತ್ತು, ಹೋಗ್ಲಿಲ್ಲ. ಯಾಕೆ ನಿಂತಿತು?' ಅವನು ಬಗ್ಗಿ ನೋಡಿದ. ಹದಿನಾರು ವರ್ಷ ನೋಡಿದ್ದ ಬಿರುಕನ್ನು ಆ ದಿನ ಮೊದಲ ಸಲ ನೋಡಿದಂತಾಯಿತು. ಆ ಖುಷಿ ನಿಜ, ಅದರಲ್ಲಿ ಕಲಬೆರಕೆ ಇರಲಿಲ್ಲ. ಕಲಬೆರಕೆ ಆಮೇಲೆ ಬಂತು. ಅದೇ ವಸಂತದಲ್ಲಿ ಅವಳು ಯುರೋಪಿನ ಆ ವಿಭಾಗದ ಕೆಲಸಕ್ಕೆ ಅರ್ಜಿ ಹಾಕಿದಳು. ಅವನು ಎಂದಿನಂತೆ 'ಒಂದು ಡ್ರಾಫ್ಟ್ ಬರಕೊಂಡು ಬಾರವಾ' ಅಂದ. ಅವಳು ತಂದ ಪತ್ರದಲ್ಲಿ ಹೊಗಳಿಕೆ ಹೆಚ್ಚೇನೂ ಇರಲಿಲ್ಲ, ಒಂದೇ ಒಂದು ವಾಕ್ಯ ಬಿಟ್ಟು: 'ಬಿರುಕು ಎಲ್ಲಿ ಹುಟ್ಟುತ್ತದೆ ಎಂದು ಎಲ್ಲರೂ ಕೇಳುತ್ತಿದ್ದಾಗ, ಅದು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದವರು ಇವರು.' ಆ ವಾಕ್ಯ ಇದ್ದರೆ ಅವಳಿಗೆ ಕೆಲಸ ಸಿಗುತ್ತಿತ್ತು. ಸಿಕ್ಕರೆ ಹೋಗುತ್ತಿದ್ದಳು. ಹೋದರೆ ಆ ಪ್ರಶ್ನೆಯೂ ಅವಳ ಜೊತೆ ಹೋಗುತ್ತಿತ್ತು, ಪ್ರಯೋಗಗಳು ಇನ್ನೂ ಅರ್ಧ ಆಗಿರಲಿಲ್ಲ. ಅವಳು ತನ್ನ ಬಗ್ಗೆ ತಾನೇ ಇಷ್ಟು ದೊಡ್ಡ ಮಾತು ಆಡಿಕೊಳ್ಳುವುದು ಚೆನ್ನಾಗಿರುವುದಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಅದನ್ನು ಹೊಡೆದುಹಾಕಿದ. ಅದು ಇದ್ದಲ್ಲಿ ಮಾರ್ಗದರ್ಶನದ ವಾಕ್ಯವನ್ನು ಕೂರಿಸಿದ. ಅವಳನ್ನು ಸಂದರ್ಶನಕ್ಕೂ ಕರೆಯಲಿಲ್ಲ. ಇನ್ನೆರಡು ವರ್ಷ ಇಲ್ಲೇ ಇದ್ದು ಪ್ರಯೋಗ ಮುಗಿಸಿದಳು, ಪ್ರಬಂಧ ಬಂತು, ಆಮೇಲೆ ಬೇರೊಂದು ದಾರಿಯಿಂದ ಅದೇ ವಿಭಾಗ ಸೇರಿದಳು. ಅಲ್ಲಿ ಹಳೆಯ ಅರ್ಜಿಗಳ ಕಡತ ಇಟ್ಟಿರುತ್ತಾರೋ, ಸುಟ್ಟುಬಿಡುತ್ತಾರೋ? ಹೆದ್ದಾರಿ ಬಿಟ್ಟು ಸಿಮ್ಕೋ ಸ್ಟ್ರೀಟಿಗೆ ಇಳಿಯುವಾಗಲೂ ನಿಜಗುಣ ಅದನ್ನೇ ಯೋಚಿಸುತ್ತಿದ್ದ. ಸುಟ್ಟಿದ್ದರೆ ಆ ವಾಕ್ಯ ಅವಳಿಗೆ ಬರೀ ಒಬ್ಬ ಮುದುಕನ ಕೈತಪ್ಪು. ಇಟ್ಟಿದ್ದರೆ?

ಪ್ರಯೋಗಾಲಯದಲ್ಲಿ ಯಾರೂ ಇರಲಿಲ್ಲ. ಅರ್ಧ ಕಪಾಟುಗಳು ಖಾಲಿಯಾಗಿದ್ದವು. ಕಿಟಕಿಯ ಪಕ್ಕದ ಮೇಜಿನ ಮೇಲೆ ಮಾತ್ರ ಒಂದು ತಟ್ಟೆ ಮಣ್ಣು ಒಣಗುತ್ತಿತ್ತು. ಅಭ್ಯಾಸಬಲದಿಂದ ಅವನೇ ಮೊನ್ನೆ ಹರವಿಟ್ಟಿದ್ದು. ಒಂಬತ್ತಾಯಿತು. ತನುಶ್ರೀಗೆ ಒಂದು ಮೇಲ್ ಬರೆಯಲು ಕೂತ. 'ನಿನ್ನೆ ಕಳಿಸಿದ ಪತ್ರದಲ್ಲಿ ಕಣ್ತಪ್ಪಿನಿಂದ ಒಂದು ವಾಕ್ಯ ಉಳಿದುಬಿಟ್ಟಿದೆ' ಎಂದು ಶುರು ಮಾಡಿ ಅಳಿಸಿದ. ಎಲ್ಲಿಂದ ಉಳಿಯಿತು ಎಂದು ಅವಳು ಕೇಳಿದರೆ? 'ಇದೋ ತಿದ್ದಿದ ಪ್ರತಿ' ಎಂದಷ್ಟೇ ಬರೆದು, ತಿದ್ದಿದ್ದು ಯಾವುದೆಂದು ಅವಳು ಎರಡನ್ನೂ ಹೋಲಿಸಿ ನೋಡುತ್ತಾಳೆಂದು ಹೊಳೆದು ಅದನ್ನೂ ಅಳಿಸಿದ. ಮೂರನೆಯ ಸಲ ಎಲ್ಲವನ್ನೂ ಬರೆದ. ಆ ವಸಂತ, ಆ ಪತ್ರ, ತಾನು ಹೊಡೆದುಹಾಕಿದ ವಾಕ್ಯ, ಎರಡು ವರ್ಷ. ಬರೆದ ಮೇಲೆ ಎದೆ ಹಗುರವಾದಂತೆಯೇ ಆಯಿತು. ಮತ್ತೆ ಓದಿದರೆ, ಇವತ್ತು, ಬಾಗಿಲು ಬಂದಾಗಲು ಎರಡು ಗಂಟೆ ಇರುವಾಗ, ಅವಳ ಸಹಿ ಬೇಕಾಗಿರುವಾಗ ಬಂದ ಪಶ್ಚಾತ್ತಾಪ ಅದು. ಯಾರು ನಂಬುತ್ತಾರೆ? ತಾನೇ ನಂಬಲಿಲ್ಲ. ಅದನ್ನೂ ಅಳಿಸಿ ಫೋನು ಮಾಡಿದ, ಅವಳು ಎತ್ತಲಿಲ್ಲ. ಹದಿನೈದು ನಿಮಿಷ ಬಿಟ್ಟು ಮತ್ತೆ ಮಾಡಿದ. ಮೂರನೆಯ ಸಲ ಮಾಡಲು ನಾಚಿಕೆಯಾಯಿತು. ಒಂದು ಕಾಲದಲ್ಲಿ ಇದೇ ಕೋಣೆಯಿಂದ 'ತನುಶ್ರೀ' ಎಂದು ಅರ್ಧ ಕೂಗಿದರೆ ಸಾಕಿತ್ತು, ಕೈ ಒರೆಸಿಕೊಳ್ಳುತ್ತ ಓಡಿ ಬರುತ್ತಿದ್ದಳು.

ಅರ್ಜಿಯ ಉಳಿದ ಭಾಗವೆಲ್ಲ ಮೂರು ದಿನದ ಹಿಂದೆಯೇ ಏರಿಸಿಯಾಗಿತ್ತು. ಸುಮ್ಮನೆ ಕೂರಲಾರದೆ ಅದನ್ನು ತೆರೆದು ನೋಡಿದ. ಯೋಜನೆಯ ಸಾರಾಂಶ ಐದು ಪುಟ. ಅಕ್ಷರದ ಗಾತ್ರ ಇಷ್ಟೇ ಇರಬೇಕು, ಅಂಚು ಇಷ್ಟೇ ಬಿಡಬೇಕು, ಆರನೆಯ ಪುಟಕ್ಕೆ ಹೋದದ್ದನ್ನು ಯಾರೂ ಓದುವುದಿಲ್ಲ ಎಂದು ನಿಯಮದಲ್ಲೇ ಬರೆದಿತ್ತು. ಆ ಐದು ಪುಟಕ್ಕೆ ಅವನು ಇಡೀ ಬೇಸಿಗೆಯನ್ನು ಸುರಿದಿದ್ದ. ಐದನೆಯ ಪುಟದ ಕೊನೆಯ ಸಾಲು ಕೆಳಗಿನ ಅಂಚಿಗೆ ತಾಗಿ ನಿಂತಿತ್ತು. ಮೊದಲ ಪುಟಕ್ಕೆ ವಾಪಸು ಹೋಗಿ ಮೊದಲ ಸಾಲನ್ನು ಎರಡೆರಡು ಸಲ ಓದಿದ. 'ಬಿರುಕು ಎಲ್ಲಿ ಹುಟ್ಟುತ್ತದೆ ಎಂದು ನಮ್ಮ ಕ್ಷೇತ್ರ ಶತಮಾನದಿಂದ ಕೇಳುತ್ತ ಬಂದಿದೆ. ಅದು ಎಲ್ಲಿ ನಿಲ್ಲುತ್ತದೆ ಎಂದು ನಾನು ಕೇಳುತ್ತೇನೆ.' ಇದನ್ನು ಬರೆದ ದಿನ ಸುಶೀಲಾಗೆ ಓದಿ ಹೇಳಿದ್ದ, ಅವಳು 'ಚಂದ ಅದ' ಅಂದಿದ್ದಳು. ಕದ್ದದ್ದೆಂದು ಅವನಿಗೆ ಆ ದಿನ ಅನ್ನಿಸಿರಲಿಲ್ಲ. ಹದಿನಾಲ್ಕು ವರ್ಷ ಅದೇ ಮಾತನ್ನು ಸಮ್ಮೇಳನಗಳಲ್ಲಿ, ತರಗತಿಗಳಲ್ಲಿ, ಸಂಘದ ಶಾಲಿನ ಸಭೆಯಲ್ಲೂ ಆಡಿ ಆಡಿ ಅದು ತನ್ನ ಬಾಯಿಂದಲೇ ಹುಟ್ಟಿದ್ದೆಂದು ಅವನು ನಂಬಿಬಿಟ್ಟಿದ್ದ. ಅರ್ಜಿಯಲ್ಲಿ ತನುಶ್ರೀಯ ಹೆಸರು ಎಲ್ಲಾದರೂ ಇದೆಯೇ ಎಂದು ಹುಡುಕಿದ. ಇಬ್ಬರ ಹೆಸರಿದ್ದ ಆ ಒಂದೇ ಪ್ರಬಂಧ ಹತ್ತು ವರ್ಷದ ಆಚೆಗಿತ್ತಲ್ಲ, ಹಾಗಾಗಿ ಎಲ್ಲೂ ಇರಲಿಲ್ಲ. ಪತ್ರದ ಕೆಳಗೆ ಸಹಿಯಾಗಿ ಮಾತ್ರ ಬರಬೇಕಿತ್ತು.

ಹತ್ತೂ ಮೂವತ್ತೊಂದಕ್ಕೆ ಪತ್ರ ಬಂತು. ವಿಶ್ವವಿದ್ಯಾಲಯದ ಮುದ್ರೆ, ಕೆಳಗೆ ಸಹಿ. ನಿಜಗುಣ ನೇರವಾಗಿ ಮೂರನೆಯ ಪ್ಯಾರಾದ ಕೊನೆಗೆ ಹೋದ. ಮಾರ್ಗದರ್ಶನದ ವಾಕ್ಯ ಅಲ್ಲಿರಲಿಲ್ಲ. ಉಳಿದದ್ದನ್ನೆಲ್ಲ, ಅವನು ತನ್ನನ್ನು ತಾನೇ ಹೊಗಳಿಕೊಂಡದ್ದನ್ನೆಲ್ಲ, ಒಂದು ಅಲ್ಪವಿರಾಮವನ್ನೂ ಬದಲಿಸದೆ ಹಾಗೆಯೇ ಬಿಟ್ಟಿದ್ದಳು. ಆ ಒಂದು ವಾಕ್ಯವಿದ್ದ ಜಾಗದಲ್ಲಿ ಬೇರೊಂದಿತ್ತು. 'ಬಿರುಕು ಎಲ್ಲಿ ಹುಟ್ಟುತ್ತದೆ ಎಂದು ಎಲ್ಲರೂ ಕೇಳುತ್ತಿದ್ದಾಗ, ಅದು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದವರು ಇವರು.'

ಈ ಸಲ ಅವನು ಫೋನು ಮಾಡಿದಾಗ ಅವಳು ಎತ್ತಿದಳು.

'ಹಾಂ ಸರ್, ಸಿಕ್ಕಿತಾ? ಸಾರಿ ಆಯ್ತಾ, ಬೆಳಿಗ್ಗೆಯಿಂದ ಮೀಟಿಂಗ್ ಮೇಲೆ ಮೀಟಿಂಗ್ ಇತ್ತು.'

'ಸಿಕ್ತವಾ. ತನುಶ್ರೀ, ಅದರಾಗ ಮೂರನೇ ಪ್ಯಾರಾ...'

'ಅದೊಂದು ಬದಲಿಸಿದ್ದೇನೆ ಸರ್. ನೀವು ಹಾಕಿದ್ದು ಇದ್ರೆ ನಿಮಗೆ ಸಿಗ್ತಿರ್ಲಿಲ್ಲ.'

'ಆ ವಾಕ್ಯ ನಿಂದವಾ.'

ಆ ಕಡೆ ಯಾರೋ ಬಾಗಿಲು ತಟ್ಟಿದ ಸದ್ದು. ಅವಳು ಅವರಿಗೆ ಅಲ್ಲಿಯ ಭಾಷೆಯಲ್ಲಿ ಏನೋ ಹೇಳಿ ಮತ್ತೆ ಇವನ ಕಡೆ ಬಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

'ಗೊತ್ತುಂಟು ಸರ್. ನಾನು ಇಲ್ಲಿ ಸೇರಿದ ವರ್ಷವೇ ಹಳೆ ಫೈಲ್ ತೆಗೆದು ನೋಡಿದ್ದೆ. ಅದ್ರಲ್ಲಿ ಆ ವಾಕ್ಯ ಇರ್ಲಿಲ್ಲ. ನಿನ್ನೆ ನೀವು ಕಳಿಸಿದ್ದು ಓದುವಾಗ, ಇದೇನು ಎಲ್ಲಿಯೋ ನೋಡಿದ ಹಾಗೆ ಉಂಟಲ್ಲ ಅಂತ ಅನ್ನಿಸ್ತು, ಪುನಃ ತೆಗೆದು ನೋಡಿದೆ.'

'ಹತ್ತ ಹನ್ನೆರಡ ವರ್ಷ ಆತು. ಒಂದು ಮಾತು ಕೇಳಬಾರದಿತ್ತೇನವಾ ನನ್ನ?'

'ಕೇಳಿದ್ರೆ ನೀವು ಎಂತದಾದ್ರೂ ಹೇಳ್ತಿದ್ರಿ. ನಾನು ಅದನ್ನು ನಂಬಬೇಕಾಗ್ತಿತ್ತು. ಇರ್ಲಿ ಸರ್. ಆಗ ನನಗೆ ಬೇಕಿತ್ತು, ಈಗ ನಿಮಗೆ ಬೇಕು. ಹೊತ್ತಾಯ್ತು ಅಲ್ಲಿ, ಅಪ್‌ಲೋಡ್ ಮಾಡಿ.'

ಅವನು ಫೋನು ಇಟ್ಟ. ಬೈದಿದ್ದರೆ ಬೈಸಿಕೊಳ್ಳುತ್ತಿದ್ದ, ಸಹಿ ಹಾಕುವುದಿಲ್ಲವೆಂದಿದ್ದರೆ ಅವಳ ಮೇಲೆ ಒಂದಿಷ್ಟು ಸಿಟ್ಟಾದರೂ ಮಾಡಿಕೊಳ್ಳುತ್ತಿದ್ದ. ಬರೀ ನಾಚಿಕೆ ಮಾತ್ರ ಉಳಿಯಿತು, ಸುಡುವಂಥ ನಾಚಿಕೆ. ಪತ್ರವನ್ನು ಏರಿಸಿದ. ಹತ್ತೂ ನಲವತ್ತು. ಇನ್ನು ಕೊನೆಯ ಗುಂಡಿ ಒತ್ತುವುದಷ್ಟೇ ಬಾಕಿ. ಒತ್ತದೆ, ಐದು ಪುಟದ ಕಡತ ತೆರೆದ. ಮೊದಲ ಸಾಲಿನ ಕೊನೆಗೆ ಕರ್ಸರು ನಿಲ್ಲಿಸಿ ಬರೆದ: 'ಈ ಪ್ರಶ್ನೆಯನ್ನು ಮೊದಲು ಕೇಳಿದ್ದು ನನ್ನ ವಿದ್ಯಾರ್ಥಿನಿ ತನುಶ್ರೀ.' ಇಷ್ಟು ಸಣ್ಣ ವಾಕ್ಯ. ಹದಿನಾಲ್ಕು ವರ್ಷದಲ್ಲಿ ಒಮ್ಮೆಯೂ ಬರೆಯದ್ದು ಅರ್ಧ ನಿಮಿಷದಲ್ಲಿ ಆಗಿಹೋಯಿತಲ್ಲ ಎಂದು ಅವನಿಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಐದನೆಯ ಪುಟದ ಕೊನೆಯ ಸಾಲು ಆರನೆಯ ಪುಟಕ್ಕೆ ಜಾರಿತ್ತು. ಆ ಕೊನೆಯ ಸಾಲಿನಲ್ಲೇ ಎಷ್ಟು ಜನರ ತಂಡ ಬೇಕು, ಎಷ್ಟು ವರ್ಷ ಬೇಕು ಎಂಬುದಿತ್ತು; ಅದಿಲ್ಲದೆ ಯೋಜನೆಯೇ ಇಲ್ಲ. ಒಂದು ಸಾಲು ಉಳಿಸಿದರೆ ಸಾಕು. ಎರಡನೆಯ ಪುಟದಲ್ಲಿ 'ಅತ್ಯಂತ' ಎಂಬುದನ್ನು ತೆಗೆದ, ಸಾಲು ಏರಲಿಲ್ಲ. ಮೂರನೆಯ ಪುಟದಲ್ಲಿ ಇನ್ನೊಬ್ಬರ ಕೆಲಸದ ಉಲ್ಲೇಖವೊಂದನ್ನು ಕಿತ್ತ, ಏರಲಿಲ್ಲ, ಪಾಪಪ್ರಜ್ಞೆಯಾಗಿ ಮತ್ತೆ ಹಾಕಿದ. ಹತ್ತೂ ನಲವತ್ತೊಂಬತ್ತು. ನಾಲ್ಕನೆಯ ಪುಟದಲ್ಲಿ ಒಂದು ವಾಕ್ಯವಿತ್ತು: 'ಮೂವತ್ತು ವರ್ಷಗಳಿಂದ ಈ ಕ್ಷೇತ್ರದ ಮುಂಚೂಣಿಯಲ್ಲಿರುವ ನನ್ನ ಪ್ರಯೋಗಾಲಯ ಈ ಕೆಲಸಕ್ಕೆ ಅತ್ಯಂತ ಸಮರ್ಥವಾಗಿದೆ.' ಸರಿಯಾಗಿ ಒಂದು ಸಾಲು. ಅದನ್ನು ತೆಗೆದರೆ ಯೋಜನೆಗೆ ಕಿಂಚಿತ್ತೂ ನಷ್ಟವಿರಲಿಲ್ಲ. ಅಳಿಸಲೆಂದು ಆ ವಾಕ್ಯವನ್ನು ಆಯ್ದು ನೀಲಿ ಮಾಡಿದ. ತಲೆಯೆತ್ತಿದರೆ ಖಾಲಿ ಕಪಾಟು, ಗೋಡೆಯ ಮೇಲೆ ಟೇಪಿನವರು ಪೆನ್ಸಿಲಿನಿಂದ ಹಾಕಿಹೋದ ಗುರುತು, ಕಿಟಕಿಯ ಬಳಿಯ ಒಂದೇ ಒಂದು ತಟ್ಟೆ. ಮುಂಚೂಣಿಯಂತೆ. ಅಳಿಸಿಬಿಡು ಎಂದುಕೊಂಡ. ಅಳಿಸಿದರೆ ಆ ಕಾಗದದಲ್ಲಿ ತಾನು ಎಲ್ಲಿ ಉಳಿದೆ? ಪ್ರಶ್ನೆ ಅವಳದು, ಪತ್ರ ಅವಳದು, ಜಾಗ ಅವಳದು. ಬೆರಳು ಕೀಲಿಯ ಮೇಲೆಯೇ ಇತ್ತು. ಹತ್ತೂ ಐವತ್ತೈದು. ತೆಗೆಯಬೇಕು, ಇಲ್ಲವೇ ಎಲ್ಲವೂ ಹೋಗುತ್ತದೆ. ಹತ್ತೂ ಐವತ್ತಾರು. ಮೊದಲ ಪುಟಕ್ಕೆ ಹೋಗಿ, ತನುಶ್ರೀಯ ಹೆಸರಿದ್ದ ಹೊಸ ವಾಕ್ಯವನ್ನು ಅಳಿಸಿದ. ಕೊನೆಯ ಸಾಲು ತಾನಾಗಿ ಐದನೆಯ ಪುಟಕ್ಕೆ ಏರಿ ತನ್ನ ಜಾಗದಲ್ಲಿ ನಿಂತಿತು.

ಗುಂಡಿ ಒತ್ತಿದ. ಅರ್ಜಿ ತಲುಪಿತೆಂದು ಪರದೆಯ ಮೇಲೆ ಬಂತು. ಅವನು ಎದ್ದು ಹೋಗಿ ಕಿಟಕಿಯ ಬಳಿ ನಿಂತು, ತಟ್ಟೆಯ ಮಣ್ಣನ್ನು ಬೆರಳಿನಿಂದ ಮುಟ್ಟಿ ನೋಡಿದ. ಇನ್ನೂ ಹಸಿಯಿತ್ತು. ಸುಶೀಲಾ ಫೋನು ಮಾಡಿದಳು.

'ಆತೇನ್ರಿ?'

'ಆತು.'

'ಆ ಹುಡುಗಿ ತಿದ್ದಿದಳಿಲ್ಲೋ?'

'ತಿದ್ದಿದಳು.'

'ನೋಡ್ರಿ, ನಾ ಹೇಳಿದ್ದಿಲ್ಲೇನು. ಛಲೋ ಮಂದಿ ಅವರು. ಬರ್ರಿ ಮನಿಗೆ, ಇವತ್ತ ಏನರ ಸಿಹಿ ಮಾಡ್ತೀನಿ.'

ಫೋನು ಇಡುವಷ್ಟರಲ್ಲಿ ತನುಶ್ರೀಯ ಮೆಸೇಜು ಬಂದಿತ್ತು. 'ಸಬ್ಮಿಟ್ ಆಯ್ತಲ್ಲ ಸರ್, ನಮಗೂ ಒಂದು ಕಾಪಿ ಬಂತು. ಇಷ್ಟು ದಿನ ಓದ್ಲಿಕ್ಕೇ ಆಗ್ಲಿಲ್ಲ. ಈಗ ಮನೆಗೆ ಹೋಗುವಾಗ ಟ್ರೇನಲ್ಲಿ ಕೂತು ಪೂರಾ ಓದ್ತೇನೆ.' ಅವಳ ಊರಿನ ಟ್ರೇನು ಎಷ್ಟು ಹೊತ್ತಿನದೆಂದು ನಿಜಗುಣನಿಗೆ ಗೊತ್ತಿರಲಿಲ್ಲ. ಎಷ್ಟಾದರೇನು, ಮೊದಲ ಪುಟ ಮೊದಲೇ ಬರುತ್ತದೆ.